ಶಾಂತಯ್ಯನವರ ಕಾಟಾ, ಮುರಿಗೆವ್ವನ ಬುತ್ತಿ

ಉಣಕಲ್ಲಿನ ಶಿವಯೋಗೀಶ ಬರೆದ ಇನ್‌ಸ್ಟಾಲರು ಎಷ್ಟು ಸಣ್ಣದಿತ್ತೆಂದರೆ, ಪೆನ್ ಡ್ರೈವಿನಲ್ಲಿ ಹಾಕಿದ ಮೇಲೂ ಆ ಪೆನ್ ಡ್ರೈವು ತನ್ನ ಹೊಟ್ಟೆಯಲ್ಲಿ ಏನೂ ಇಲ್ಲವೆಂದೇ ತಿಳಿದು ಬೇಸರಪಡುತ್ತಿತ್ತು. ಮೊಬೈಲಿನಲ್ಲಿ ಕಳಿಸಿದರೆ, ಗುಂಡಿ ಒತ್ತುವ ಮೊದಲೇ ಆಚೆ ಕಡೆ ಮುಟ್ಟಿರುತ್ತಿತ್ತು. ಒಮ್ಮೆ ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಅದನ್ನು ನೊಣವೊಂದು ಹೊತ್ತುಕೊಂಡು ಹೋಯಿತೆಂದು ಜನ ಹೇಳುತ್ತಾರೆ. ಜನಕ್ಕೇನು, ಬಾಯಿಗೆ ಬಂದದ್ದು ಹೇಳುತ್ತಾರೆ. ಅದು ನೊಣವಲ್ಲ, ಸೊಳ್ಳೆ.

ಯಾವ ಪ್ರೋಗ್ರಾಮೂ ಒಂಟಿಯಾಗಿ ಬಾಳುವುದಿಲ್ಲ. ಅಕ್ಷರ ತೋರಿಸಲು ಒಂದು ತುಣುಕು ಬೇಕು, ಶಬ್ದ ಹೊರಡಿಸಲು ಒಂದು, ಪ್ರಿಂಟರಿನ ಸಂಗಡ ಮಾತಾಡಲು ಇನ್ನೊಂದು. ಬೇರೆ ಯಾರೋ ಬರೆದಿಟ್ಟ ಈ ಸಿದ್ಧ ತುಣುಕುಗಳಿಗೆ ಲೈಬ್ರರಿ ಎನ್ನುತ್ತಾರೆ. ಪ್ರೋಗ್ರಾಮನ್ನು ಕಂಪ್ಯೂಟರಿಗೆ ಕರೆತಂದು ಕೂಡಿಸುವ ಇನ್‌ಸ್ಟಾಲರು ಈ ಲೈಬ್ರರಿಗಳನ್ನೂ ಗಂಟು ಕಟ್ಟಿ ತರಬೇಕೋ, ಇಲ್ಲಾ ಬಂದ ಕಡೆ ಇದ್ದದ್ದನ್ನೇ ಬಳಸಬೇಕೋ ಎಂಬುದು ಆ ಕಸುಬಿನ ದೊಡ್ಡ ಜಗಳ. ಶಿವಯೋಗೀಶನ ಇನ್‌ಸ್ಟಾಲರು ಬರಿಗೈಲಿ ಹೋಗುತ್ತಿತ್ತು. ಹೋದ ಕಂಪ್ಯೂಟರಿನಲ್ಲಿ ಏನೇನಿದೆ ಎಂದು ತಡಕುತ್ತಿತ್ತು. ಬೇಕಾದದ್ದು ಇದ್ದರೆ ಸೈ, ಇಲ್ಲದಿದ್ದರೆ ಇಂಟರ್ನೆಟ್ಟಿನಿಂದ ತರಿಸುತ್ತಿತ್ತು, ಹಳೆಯದಿದ್ದರೆ ತೆಗೆದೊಗೆದು ಆ ಜಾಗದಲ್ಲಿ ಹೊಸದನ್ನಿಡುತ್ತಿತ್ತು.

"ಅವರ ಮನ್ಯಾಗ ಒಲಿ ಇರೂ ಮುಂದ ನಾವ್ಯಾಕ ಒಲಿ ಹೊತಗೊಂಡ ಹೋಗೂಣ್ರಿ?" ಎಂದು ಅವನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೆ ಇನ್ನೂ ಉದ್ದಕ್ಕೆ ಹೇಳುತ್ತಿದ್ದ.

ಈ ಹಟಕ್ಕೆ ಮೂಲ ಅವನ ತಾಯಿ ಮುರಿಗೆವ್ವ. ಕನ್ನಡ ಸಾಲಿಯಲ್ಲಿ ಕಲಿಸಿ ನಿವೃತ್ತಳಾದ ಮುರಿಗೆವ್ವ ಬಾಯಾರು ಅಂದರೆ ಉಣಕಲ್ ಕೆರೆಯ ನೀರು ಕೂಡ ಸಾಲು ಹಿಡಿದು ನಿಲ್ಲುತ್ತದೆ. ಮೊದಲ ನೌಕರಿಗೆ ಹೋದ ಹಳ್ಳಿಯ ಸಾಲಿಯಲ್ಲಿ ನಾಲ್ಕು ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಮರುದಿನವೇ ಆಕೆ ಹಲಗೆ, ಖಡು, ಗಂಟೆ, ಕುರ್ಚಿ ಎಲ್ಲ ಬಸ್ಸಿನ ಮೇಲೆ ಹೇರಿಕೊಂಡು ಹೋದಳು. ಹುಡುಗರೂ ಕಡಿಮೆ ಬಿದ್ದಾರೆಂದು ಇಬ್ಬರನ್ನು ಉಣಕಲ್ಲಿನಿಂದಲೇ ಒಯ್ದಳಂತೆ. ಅಂದಿನಿಂದ ಆಕೆ ಯಾವ ಊರನ್ನೂ ನಂಬಲಿಲ್ಲ. ಎಲ್ಲಿಗೆ ಹೊರಟರೂ ಬುತ್ತಿ. ಖಡಕ್ ರೊಟ್ಟಿ, ಎಣಗಾಯಿ, ಶೇಂಗಾದ ಹಿಂಡಿ, ಮೊಸರನ್ನ, ಉಳ್ಳಾಗಡ್ಡಿ, ಉಳ್ಳಾಗಡ್ಡಿ ಒಡೆಯಲು ಒಂದು ಗುಂಡುಕಲ್ಲು, ಉಣ್ಣಲು ತಾಟು, ಕೂಡ್ರಲು ಚಾಪೆ.

ಶಿವಯೋಗೀಶ ಸಾಲಿಯ ಹುಡುಗರ ಜೊತೆ ಮೈಸೂರು ನೋಡಲು ಹೋದಾಗ ಅವನ ಬೆನ್ನ ಮೇಲಿನ ಗಂಟು ಅರಮನೆಗಿಂತ ಒಂದು ಗೇಣು ಎತ್ತರ ಇತ್ತು. ಪ್ರವಾಸಕ್ಕೆ ಬಂದ ಪರದೇಶದವರು ಅರಮನೆಯ ಕಡೆ ಬೆನ್ನು ಮಾಡಿ ಅವನ ಫೋಟೋ ತೆಗೆದರು. ಅಂದು "ಗಂಟಿನ ಯೋಗ್ಯಾ" ಎಂದು ಬಿದ್ದ ಹೆಸರು ಕಾಲೇಜು ಮುಗಿಯುವ ತನಕ ಬಿಡಲಿಲ್ಲ. ಇನ್ನು ಮೇಲೆ ತಾನೂ ಏನೂ ಹೊರುವುದಿಲ್ಲ, ತಾನು ಮಾಡಿದ್ದೂ ಏನೂ ಹೊರುವುದಿಲ್ಲ ಎಂದು ಹುಡುಗ ಅರಮನೆಯ ಕಡೆಗೇ ಕೈ ಮಾಡಿ ಆಣೆ ಇಟ್ಟ.

ಇಂಥವನಿಗೆ ಕೇಶ್ವಾಪುರದ ಕನ್ಯೆಯೊಬ್ಬಳ ಸುದ್ದಿ ಬಂತು. ಅಮರಗೋಳದ ಯಾರ್ಡಿನಲ್ಲಿ ಕಾಳಿನ ದಲಾಲಿ ಅಂಗಡಿ ಇಟ್ಟ ಶಾಂತಯ್ಯನವರ ಒಬ್ಬಳೇ ಮಗಳು ಐಶ್ವರ್ಯಾ. ಕನ್ಯೆ ನೋಡಲು ಹೊರಟ ದಿನ ಆಟೋದ ಅರ್ಧ ಮುರಿಗೆವ್ವ, ಇನ್ನರ್ಧ ಬುತ್ತಿ. ಮದುವೆಯ ಗಂಡು ಡ್ರೈವರನ ಮಗ್ಗುಲಿಗೆ ಒಂದೇ ಕುಂಡಿಯ ಮೇಲೆ ಕೂತಿದ್ದ.

"ಯವ್ವಾ, ಕೈ ಮುಗೀತೇನಿ. ಕನ್ಯಾ ನೋಡಾಕ ಬುತ್ತಿ ಕಟಗೊಂಡ ಯಾರರ ಹೋಗ್ತಾರೇನು?"

"ಸಂಬಂಧ ಕೂಡೂತನಾ ಆ ಮನಿ ಅನ್ನ ಉಣಬಾರದೋ ಯೋಗೂ. ಚಹಾ ಕುಡೀಬೌದು, ಅವಲಕ್ಕಿ ತಿನ್ನಬೌದು. ಅವರು ಸಕ್ರಿ ಹಾಕಿ ಹೂಂ ಅಂದಮ್ಯಾಲೆ ಎಲಿ ಹಾಸ್ಕೊಂಡ ಉಣ್ಣೂಣಲ್ಲ. ಅಲ್ಲೀತನಾ ಹಸಕೊಂಡ ಕುಂದರ್ತಿ ಏನು?"

ಐಶ್ವರ್ಯಾ ಚಹಾ ತಂದಿಟ್ಟು ಬುತ್ತಿಯ ಗಂಟು ನೋಡಿ ನಕ್ಕಳು. ಆ ನಗೆಗೆ ಕೇಶ್ವಾಪುರದ ಟ್ರಾನ್ಸ್‌ಫಾರ್ಮರು ಎರಡು ಸಲ ಮಿಣುಕಿತು. ಶಿವಯೋಗೀಶ ಚಹಾದ ಕಪ್ಪನ್ನು ಬಿಟ್ಟು ಬರೀ ಬಸಿಯನ್ನೇ ಬಾಯಿಗೆ ಹಿಡಿದ. ಐಶ್ವರ್ಯಾಳ ತಾಯಿ ಮಂದಾಕಿನಿ ಅದನ್ನು ಕಂಡು, "ಹುಡುಗುರು ಮಾಳಿಗಿ ಮ್ಯಾಲೆ ಹೋಗಿ ಮಾತಾಡ್ಕೊಂಡ ಬರ್ಲಿ ತಗೋರಿ" ಎಂದು ಇಬ್ಬರನ್ನೂ ಮೇಲೆ ಕಳಿಸಿದರು.

"ನೀವ ಏನ ಮಾಡತೀರಿ?" ಶಿವಯೋಗೀಶ ಕೇಳಿದ.

"ರಕ್ತ ತಪಾಸಣಿ ಮಾಡೂ ಮಷಿನ್ ಇರತಾವಲ್ರಿ ಲ್ಯಾಬಿನ್ಯಾಗ, ಅದರ ಪ್ರೋಗ್ರಾಮು. ಅದರಾಗ ಇನ್‌ಸ್ಟಾಲರ್ ಪೂರಾ ನಂದ."

ಅವನ ಕಿವಿ ನಿಮಿರಿದವು. "ಎಷ್ಟ ದೊಡ್ಡದ ಐತ್ರಿ?"

"ಒಂದೂವರಿ ಜೀಬಿ."

ಮಾಳಿಗೆಗೆ ಕಟಾಂಜನ ಇತ್ತೆಂದು ಶಿವಯೋಗೀಶ ಉಳಿದ. "ಒಂದೂವರಿ! ಏನೇನ ತುಂಬೀರಿ ಅದರಾಗ?"

"ಬೇಕಾದ್ದೆಲ್ಲಾ. ಒಂದೂ ಲೈಬ್ರರಿ ಬಿಟ್ಟಿಲ್ಲ. ಹಳ್ಳಿ ದವಾಖಾನ್ಯಾಗ ನೆಟ್ ಇರಂಗಿಲ್ರಿ. ತೋಳಿಗೆ ಸೂಜಿ ಚುಚ್ಚಿಸಿಕೊಂಡಾವ ಬಾಗಲದಾಗ ಕುಂತಿರ್ತಾನ. ಅವಗ ನನ್ನ ಪ್ರೋಗ್ರಾಮು, ತಡೀಪಾ, ಹುಬ್ಬಳ್ಳಿಯಿಂದ ಒಂದ ತುಣುಕ ಬರಬೇಕು, ಅನ್ನಬೇಕೇನು?"

"ಹಂಗಂತ ಹತ್ತ ಪ್ರೋಗ್ರಾಮು ಹತ್ತೂ ತಮ್ಮ ತಮ್ಮ ಒಲಿ ಹೊತಗೊಂಡ ಬಂದ್ರ ಆ ಕಂಪ್ಯೂಟರಿನ್ಯಾಗ ಕಾಲ ಇಡಾಕ ಜಾಗಾ ಎಲ್ಲೈತ್ರಿ? ಒಂದ ಲೈಬ್ರರಿಗೆ ತೂತ ಬಿತ್ತಂದ್ರ ಹತ್ತೂ ಕಡೆ ಮುಚ್ಚಬೇಕು. ನನ್ನಂಗ ಎಲ್ಲಾರೂ ಒಂದ ಬಳಸಿದ್ರ ಒಂದ ಕಡೆ ಮುಚ್ಚಿದ್ರ ಮುಗೀತು."

"ನಿಮ್ಮದು ಬಂದ ಮನ್ಯಾಗ ಅಡಿಗಿ ಮನಿ ಹೊಕ್ಕು, ಈ ಡಬ್ಬಿ ಹಳೇದಾತು ಅಂತ ಚೆಲ್ಲಿ ಹೊಸಾದ ತುಂಬತೈತಲ್ಲ, ಮನಿಯವರನ್ನ ಕೇಳತೈತೇನು?"

"ಹೊಸಾದು ಛಲೋನ ಇರತೈತಲ್ರಿ!"

"ಯಾರಿಗೆ?" ಎಂದಳು ಐಶ್ವರ್ಯಾ, ಸೊಂಟದ ಮೇಲೆ ಕೈಯಿಟ್ಟು.

ಕೆಳಗೆ ಅವಲಕ್ಕಿ ತಣ್ಣಗಾಯಿತು, ಚಹಾ ಮೂರು ಸಲ ಕಾದು ಕಷಾಯವಾಯಿತು. ಮಾಳಿಗೆಯ ಮೇಲೆ ಅವರಿಬ್ಬರೂ ಕೈ ಬೀಸಿ ಬೀಸಿ ಆಡಿದ ವಾದಕ್ಕೆ ಓಣಿಯ ಕಾಗೆಗಳೆಲ್ಲ ಬಂದು ಸಾಲಾಗಿ ಕೂತು ಎರಡು ಪಾರ್ಟಿ ಆದವು. ಶಿವಯೋಗೀಶನ ಇನ್‌ಸ್ಟಾಲರನ್ನು ಹೊಗಳಿದವರು ಬಹಳ ಮಂದಿ ಇದ್ದರು. ಇಷ್ಟು ಅಕ್ಕರೆಯಿಂದ, ಅದರ ಒಂದೊಂದು ಎಲುಬು ಎಣಿಸಿ ಜಗಳಾಡಿದವರು ಯಾರೂ ಇರಲಿಲ್ಲ. ಮೆಟ್ಟಿಲು ಇಳಿಯುವಾಗ ಅವನಿಗೆ ಒಂದು ಮಾತು ಖಾತ್ರಿಯಾಗಿತ್ತು: ಲಗ್ನ ಅಂತಾದರೆ ಇವಳ ಕೂಡ, ಇಲ್ಲದಿದ್ದರೆ ಇಲ್ಲ.

ಶಾಂತಯ್ಯನವರು ನಿಧಾನದ ಮನುಷ್ಯ. ಅವರು ಒಂದು ಮಾತಾಡಿ ಮುಂದಿನ ಮಾತಾಡುವುದರೊಳಗೆ ಹೆಸರುಕಾಳು ಮೊಳಕೆ ಒಡೆಯುತ್ತದೆ. "ನೋಡ್ರಿ ಶಿವಯೋಗೀಶಪ್ಪಾ, ಸಂಬಂಧದ ವಿಚಾರ ಆಮ್ಯಾಲೆ ಹೇಳಿ ಕಳಸ್ತೀವಿ. ನಮ್ಮ ಅಂಗಡ್ಯಾಗ ತೂಕದ ಚೀಟಿ ಇನ್ನೂ ಕೈಲೆ ಬರಿಯಾಕತ್ತೇವಿ. ಅದನ್ನ ಮಷಿನ್ನಿನ್ಯಾಗ ತಗಿಯೂ ಪ್ರೋಗ್ರಾಮು ನಿಮ್ಮದು ಛಲೋ ಐತಂತ. ಬಂದು ಕೂಡಸ್ರಿ. ಆದ್ರ ಒಂದ ಮಾತು. ಕಾಟಾದ ದನಿ ಮುಟ್ಟಬಾರದು."

"ಮುಟ್ಟೂದಿಲ್ರಿ ಮಾಂವಾರ," ಎಂದು ಬಿಟ್ಟ ಶಿವಯೋಗೀಶ.

ಒಳಗೆ ಪಾತ್ರೆಯೊಂದು ಬಿತ್ತು. ಮಂದಾಕಿನಿಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮುರಿಗೆವ್ವ ಮಗನ ಕಾಲು ತುಳಿದಳು.

ಕಾಟಾದ ದನಿ ಏನೆಂಬುದು ಗೊತ್ತಿಲ್ಲದವರು ಅಮರಗೋಳದಲ್ಲಿ ಇಲ್ಲ. ಐಶ್ವರ್ಯಾ ಸಣ್ಣಾಕಿ ಇದ್ದಾಗ, ಮುಂದಿನ ಎರಡು ಹಲ್ಲು ಬಿದ್ದ ವರ್ಷ, ಅಪ್ಪನ ಗೆಳೆಯ ಅಲ್ಲಾವುದ್ದೀನ ಕಾಕಾ ಅವಳನ್ನು ಶೇಂಗಾದ ಚೀಲದ ಮೇಲೆ ಕೂಡಿಸಿ ಅಂಕಿಗಳನ್ನೆಲ್ಲ ಹೇಳಿಸಿ ಅವಳ ದನಿ ತುಂಬಿಕೊಂಡಿದ್ದ. ಅದನ್ನು ಒಂದು ಪ್ರೋಗ್ರಾಮು ಮಾಡಿ ತೂಕದ ಕಾಟಾಕ್ಕೆ ಜೋಡಿಸಿದ್ದ. ಅಂದಿನಿಂದ ಶಾಂತಯ್ಯನವರ ಅಂಗಡಿಯಲ್ಲಿ ಚೀಲ ಇಟ್ಟ ಕೂಡಲೇ ತೂಕವನ್ನು ಹುಡುಗಿಯೊಬ್ಬಳು ಕೂಗಿ ಹೇಳುತ್ತಿದ್ದಳು. ಚೀಲ ಇಳಿಸಿದರೆ "ಸೊನ್ನಿ" ಎನ್ನುವಳು. ಆ ಮಾತು ಹಲ್ಲಿನ ಸಂದಿಯಿಂದ ಸಣ್ಣ ಸೀಟಿಯಾಗಿ ಬರುವುದು. ನೂರು ದಾಟಿದರೆ, ಇಷ್ಟು ದೊಡ್ಡ ಅಂಕಿ ಹೇಳಿದೆನಲ್ಲಾ ಎಂಬ ಖುಷಿಗೆ ಅಂದು ಕಿಲಕಿಲ ನಕ್ಕದ್ದು ಕೂಡ ಹಾಗೇ ಉಳಿದಿತ್ತು. ಆ ನಗೆ ಕೇಳಲೆಂದು ನವಲಗುಂದದ ರೈತರು ಎರಡೆರಡು ಚೀಲ ಒಟ್ಟಿಗೆ ಇಡಿಸುತ್ತಿದ್ದರು. ಯಾರ್ಡಿನ ಬೇವಿನ ಮರದ ಗಿಳಿಗಳಿಗೆ ಐವತ್ತರ ತನಕ ಮಗ್ಗಿ ಬಂದದ್ದು ಇದರಿಂದಲೇ. ಸುಳ್ಳೆನ್ನುವವರು ಹೋಗಿ ಗಿಳಿಗಳನ್ನು ಕೇಳಬಹುದು.

"ನಾಳೆ ಆಕಿ ಗಂಡನ ಮನಿಗೆ ಹ್ವಾದ್ರೂ," ಎಂದಿದ್ದರು ಶಾಂತಯ್ಯ, "ಅಂಗಡ್ಯಾಗ ನನ್ನ ಕೂಸು ಇರತೈತಿ. ಅಷ್ಟ ಸಾಕು ನನಗ."

ಎರಡು ದಿನ ಬಿಟ್ಟು ಶಿವಯೋಗೀಶ ಅಂಗಡಿಗೆ ಹೊರಟ. ಮುರಿಗೆವ್ವ ಕಟ್ಟಿಟ್ಟ ಬುತ್ತಿಯನ್ನು ಬಾಗಿಲ ಹಿಂದೆ ಸರಿಸಿ, ಪೆನ್ ಡ್ರೈವು ಒಂದನ್ನೇ ಕಿಸೆಗಿಟ್ಟು ಗಾಳಿಯಂತೆ ಹೋದ.

ಅಂಗಡಿಯ ಕಂಪ್ಯೂಟರು ಅಲ್ಲಾವುದ್ದೀನ ಕಾಕಾ ತಂದಿಟ್ಟದ್ದೇ, ಶೇಂಗಾದ ಹೊಟ್ಟಿನ ಧೂಳು ಕುಡಿದು ಕುಡಿದು ಅದರ ಫ್ಯಾನಿಗೆ ಗೂರಲು ಹಿಡಿದಿತ್ತು. ಅದಕ್ಕೆ ನೆಟ್ ಇರಲಿಲ್ಲ, ಶಿವಯೋಗೀಶ ತನ್ನ ಮೊಬೈಲಿನ ನೆಟ್ ಹಚ್ಚಿ ಇನ್‌ಸ್ಟಾಲರು ಓಡಿಸಿದ. ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು, ಅದರಲ್ಲೂ ಅರ್ಧ ಮಿಟುಕು ಉಳಿದಿತ್ತು. ಹಮಾಲ ಶಿದ್ದಪ್ಪ ಹೆಸರುಕಾಳಿನ ಚೀಲ ಕಾಟಾದ ಮೇಲಿಟ್ಟ. ಪ್ರಿಂಟರು ಗರಗರ ಎಂದು ಅಂದವಾದ ಚೀಟಿ ಉಗುಳಿತು. ಶಿವಯೋಗೀಶ ಮೀಸೆಯ ಮೇಲೆ ಕೈಯಾಡಿಸಿದ. ಮೀಸೆ ಇರಲಿಲ್ಲ, ಆದರೂ ಆಡಿಸಿದ.

ಆಗ ಸ್ಪೀಕರಿನಿಂದ, ಕರು ಕಳಕೊಂಡ ಎಮ್ಮೆ ಬಾವಿಯೊಳಗೆ ನಿಂತು ಒದರಿದಂಥ ಒಂದು ಸದ್ದು ಬಂತು. ಆಮೇಲೆ ಅದೂ ಇಲ್ಲ.

ಶಿದ್ದಪ್ಪ ಚೀಲ ಇಳಿಸಿದ. ಸೊನ್ನಿ ಇಲ್ಲ, ಸೀಟಿ ಇಲ್ಲ. ಮತ್ತೆ ಇಟ್ಟ, ಮತ್ತೆ ಇಳಿಸಿದ. ಯಾರ್ಡಿನಲ್ಲಿ ಹರಾಜಿನ ಸವಾಲು ಕೂಗುವವರ ಬಾಯಿ ನಿಂತವು. ಮೆಣಸಿನಕಾಯಿಯ ರಾಶಿ ತನ್ನ ಘಾಟು ಒಳಗೆ ಎಳೆದುಕೊಂಡಿತು.

"ಸಾವಕಾರ್ರ," ಎಂದ ಶಿದ್ದಪ್ಪ ಮೆಲ್ಲಗೆ, "ಸಣ್ಣ ಅಕ್ಕಾರು ಮಾತಾಡವಲ್ರು."

ಶಾಂತಯ್ಯ ಬೈಯಲಿಲ್ಲ. ಬೈದಿದ್ದರೆ ಶಿವಯೋಗೀಶ ಬದುಕುತ್ತಿದ್ದ. ಅವರು ಬಂದು ಸ್ಪೀಕರಿನ ಮೇಲಿನ ಧೂಳನ್ನು ಧೋತರದ ಚುಂಗಿನಿಂದ ಒರೆಸಿ, ಅದರ ಮುಂದಿನ ಚೀಲದ ಮೇಲೆ ಕೂತರು. ನಿದ್ದೆ ಹೋದ ಕೂಸಿನ ಮಗ್ಗುಲಿಗೆ ಕೂತಂತೆ.

"ಎಷ್ಟೊತ್ತಿಗೆ ಬರತಾಳ, ತಮ್ಮಾ?"

ಶಿವಯೋಗೀಶ ಕಂಪ್ಯೂಟರಿನ ಮೇಲೆ ಬಗ್ಗಿದ. ಆದದ್ದೇನೆಂಬುದು ಅವನಿಗೆ ಅಷ್ಟರಲ್ಲಿ ತಿಳಿದಿತ್ತು. ಕಾಕಾನ ಪ್ರೋಗ್ರಾಮಿಗೂ ಅವನ ಪ್ರೋಗ್ರಾಮಿಗೂ ಶಬ್ದದ ಲೈಬ್ರರಿ ಒಂದೇ. ಅವನ ಇನ್‌ಸ್ಟಾಲರು ಹಳೆಯದನ್ನು ಕಂಡು, ಯಾರನ್ನೂ ಕೇಳದೆ ಒಗೆದು ಹೊಸದನ್ನು ಇಟ್ಟಿತ್ತು. ಕೂಸಿನ ದನಿ ಕಂಪ್ಯೂಟರಿನಲ್ಲಿ ಹಾಗೇ ಇದೆ, ಆದರೆ ಅದನ್ನು ಹೊರಡಿಸುವ ಬಾಯಿ ಬದಲಾಗಿ ಹೋಗಿದೆ. ಹಳೆಯ ಲೈಬ್ರರಿಯ ಒಂದು ನಕಲನ್ನೂ ಅವನು ಉಳಿಸಿಕೊಂಡಿರಲಿಲ್ಲ. ಇಂಟರ್ನೆಟ್ಟಿನಲ್ಲಿ ಪಾತಾಳದ ತನಕ ಹುಡುಕಿದ. ಅದನ್ನು ಮಾಡಿದವರೇ ಅದನ್ನು ಮರೆತಿದ್ದರು.

ಹಳೇ ಹುಬ್ಬಳ್ಳಿಯಲ್ಲಿ ಮೊಮ್ಮಕ್ಕಳನ್ನು ಆಡಿಸುತ್ತ ಕೂತ ಅಲ್ಲಾವುದ್ದೀನ ಕಾಕಾಗೆ ಫೋನು ಹೋಯಿತು.

"ನನ್ನ ಕಡೆ ಎಲ್ಲೀದು ಬೇಟಾ! ಆಗ ಎಲ್ಲಾ ಫ್ಲಾಪಿನ್ಯಾಗ ಹಿಡೀಬೇಕಾಗಿತ್ತು. ಮಷಿನ್ನಿನ್ಯಾಗ ಏನಿತ್ತೋ ಅದನ್ನ ನಂಬಿ ಬರದೆ. ಮುಂದ ಒಬ್ಬಾಂವ ಬಂದು ಅದನ್ನ ಕಿತ್ತ ಒಗೀತಾನಂತ ನನಗೇನ ಕನಸ ಬಿದ್ದಿತ್ತೇನು?" ಕಾಕಾ ಕೆಮ್ಮಿ, ದನಿ ಇಳಿಸಿದ. "ಅಂದಹಾಂಗ, ಅಂವಾ ಯಾರು? ಸಿಕ್ರ ನನ್ನ ಪರವಾಗಿ ಎರಡ ಬಿಗೀರಿ."

"ಹೂಂರಿ ಕಾಕಾ, ಬಿಗೀತೇನಿ," ಎಂದ ಶಿವಯೋಗೀಶ.

ಇನ್ನು ಉಳಿದದ್ದು ಒಂದೇ ನಂಬರು. ಐಶ್ವರ್ಯಾಳಿಗೆ ಮೊದಲ ಸಲ ಫೋನು ಮಾಡಿದಾಗ ಹೇಳಬೇಕೆಂದು ಅವನು ಎರಡು ದಿನದಿಂದ ಸಕ್ಕರೆಯಂಥ ಮಾತು ಜೋಡಿಸಿಟ್ಟಿದ್ದ. ಬಾಯಿಂದ ಬಂದದ್ದು ಇಷ್ಟು: "ರೀ, ನಿಮ್ಮ ದನಿ ಹೋತ್ರಿ."

ಅವಳು ಆಫೀಸಿಗೆ ರಜೆ ಹಾಕಿ ಸ್ಕೂಟಿಯ ಮೇಲೆ ಬಂದಳು. ಬಂದವಳು ಮೊದಲು ಅಪ್ಪನನ್ನು ನೋಡಿದಳು. ಕಣ್ಣಿನ ಅಂಚು ಒದ್ದೆಯಾಯಿತು. ಆಮೇಲೆ ಶಿವಯೋಗೀಶನ ಕಡೆ ತಿರುಗಿದಳು.

"ಲಗ್ನಕ್ಕಿಂತ ಮೊದಲ ನನ್ನ ಬಾಯಿ ಮುಚ್ಚಿಸಿದ್ರಿ. ಭಾಳ ಲಗೂ ಆತಲ್ರಿ?"

"ನೀವಂದದ್ದ ಖರೆ ಇತ್ರಿ. ಕೇಳಬೇಕಾಗಿತ್ತು."

"ಅದನ್ನ ಆಮ್ಯಾಲೆ ಬರದ ಕೊಡ್ರಿ, ಕಟ್ಟ ಹಾಕಿಸಿ ಗ್ವಾಡಿಗೆ ಹಾಕ್ತೇನಿ. ಈಗ ಸರೀರಿ."

ಅವಳು ಚೀಲದಿಂದ ತನ್ನ ಪೆನ್ ಡ್ರೈವು ತೆಗೆದಳು. ಶಿವಯೋಗೀಶ ಕೇಳಿ ಹೌಹಾರಿದ್ದ ಅದೇ ಒಂದೂವರೆ ಜೀಬಿ. ಗಂಟನ್ನು ಬಿಚ್ಚುತ್ತ ಹೋದಂತೆ ಅದರಲ್ಲಿ ಜಗತ್ತಿನ ಲೈಬ್ರರಿಗಳೆಲ್ಲ ಇದ್ದವು. ಶಬ್ದದ್ದೂ ಇತ್ತು, ಲ್ಯಾಬಿನ ಮಷಿನ್ನು "ರಿಪೋರ್ಟ್ ತಯಾರ್" ಎಂದು ಕೂಗುವುದು ಅದರಿಂದಲೇ. ಶಿವಯೋಗೀಶನ ಜೀವ ಬಂದಂತಾಯಿತು. "ತಡೀರಿ, ನಾ ಒಗದ ಜಾಗಾದಾಗ ಇಡ್ತೇನಿ."

ಅವಳು ಅವನ ಕೈಗೆ ಫಟ್ಟನೆ ಹೊಡೆದಳು. "ಮತ್ತ ಅದ! ಅಲ್ಲಿ ಇಟ್ರ ನಿಮ್ಮ ಚೀಟಿ ಪ್ರೋಗ್ರಾಮು ಸಾಯ್ತೈತಿ. ಕಾಕಾನ ಪ್ರೋಗ್ರಾಮಿನ ಫೋಲ್ಡರಿನ್ಯಾಗ, ಅದರ ಮಗ್ಗಲಾಗ ಇಡ್ರಿ. ಅದು ಮೊದಲ ತನ್ನ ಮಗ್ಗಲಾಗ ನೋಡತೈತಿ, ಆಮ್ಯಾಲೆ ಊರಾಗ ಹುಡಕತೈತಿ. ಅದರದು ಅದಕ್ಕ, ನಿಮ್ಮದು ನಿಮಗ."

ಇಟ್ಟರು. ಶಿದ್ದಪ್ಪ ಚೀಲ ಏರಿಸಿದ. ಕಾಟಾ ಮಾತಾಡಿತು. ಆದರೆ ಇಲಿಮರಿಯೊಂದು ಬಾಲಕ್ಕೆ ಬೆಂಕಿ ಬಿದ್ದು ಓಡುತ್ತ ಅಂಕಿ ಎಣಿಸಿದಂತಿತ್ತು. ಶಾಂತಯ್ಯ ತಲೆ ಅಲ್ಲಾಡಿಸಿದರು. "ಇದು ನನ್ನ ಕೂಸಲ್ಲ."

ಅಷ್ಟು ಹೊತ್ತಿಗೆ ಅಂಗಡಿಯ ಮುಂದೆ ಆಟೋ ನಿಂತಿತು. ಮೊದಲು ಬುತ್ತಿ ಇಳಿಯಿತು. ಬಹಳ ಹೊತ್ತಿನ ಮೇಲೆ ಮುರಿಗೆವ್ವ ಇಳಿದಳು.

"ಬಾಗಲ ಹಿಂದ ಇಟ್ಟ ಬಂದೀ? ಹಿಂದ? ನಾ ಸತ್ತಿದ್ದೆ ಏನು?" ಎಂದು ಮಗನ ಮೇಲೆ ಎರಗಿದವಳು ಅಂಗಡಿಯ ಮೌನ ಕಂಡು ತಡೆದಳು. ಐಶ್ವರ್ಯಾ ನಡೆದದ್ದನ್ನೆಲ್ಲ ಹೇಳಿದಳು. ಮುರಿಗೆವ್ವ ಮಗನನ್ನು ನೋಡಿದಳು, ಶಾಂತಯ್ಯನವರನ್ನು ನೋಡಿದಳು, ಹೊತ್ತು ನೆತ್ತಿಯಿಂದ ಇಳಿದದ್ದನ್ನೂ ನೋಡಿದಳು.

"ಯಾರೂ ಉಂಡಿಲ್ಲ?"

"ಬಾಯಾರ, ನಿಮಗ ನಮ್ಮನಿ ಊಟಾ ನಡಿಯಂಗಿಲ್ಲ," ಎಂದರು ಶಾಂತಯ್ಯ ಸಂಕೋಚದಿಂದ. "ಇವರನ್ನ ಉಪಾಸ ಕೂಡಿಸಿ ನಾ ಹ್ಯಾಂಗ ಉಣ್ಣಲಿ?"

"ಸಂಬಂಧ ಕೂಡೂತನಾ ನಿಮ್ಮನಿದು ನಾವು ಉಣಬಾರದು ಖರೆ. ನಮ್ಮ ಬುತ್ತಿ ನೀವು ಉಣಬಾರದಂತ ಯಾವ ಶಾಸ್ತ್ರದಾಗೂ ಇಲ್ಲ. ಶಿದ್ದಪ್ಪಾ, ಆ ಚಾಪಿ ಹಾಸು."

ಗಂಟು ಬಿಚ್ಚಿತು. ಆ ಬುತ್ತಿಯಲ್ಲಿ ಶಾಂತಯ್ಯ ಉಂಡರು, ಹಮಾಲರು ಉಂಡರು, ಪಕ್ಕದ ಅಂಗಡಿಯವರು ವಾಸನೆಗೆ ಬಂದು ಉಂಡರು, ಸವಾಲು ಮುಗಿಸಿ ಹೋಗುತ್ತಿದ್ದ ರೈತರು ಉಂಡರು. ಗುಂಡುಕಲ್ಲಿನ ಕೆಳಗೆ ಉಳ್ಳಾಗಡ್ಡಿ ಒಡೆದ ಸದ್ದಿಗೆ ಯಾರ್ಡಿನ ಎತ್ತುಗಳು ಬೆಚ್ಚಿದವು. ಆದರೂ ರೊಟ್ಟಿಯ ಗೋಪುರ ತಗ್ಗಲಿಲ್ಲ.

"ಮೊದಲ ಮೊಸರನ್ನ ಮುಗಸ್ರಿ," ಎಂದು ಮುರಿಗೆವ್ವ ಬಡಿಸುತ್ತ ಗದರಿದಳು. "ಸಂಜೀತನಾ ಹುಳಿ ಹೊಡೀತೈತಿ. ರೊಟ್ಟಿ ಎಂಟ ದಿನಾ ಇರತಾವು, ಎಲ್ಲೂ ಹೋಗಂಗಿಲ್ಲ."

ಐಶ್ವರ್ಯಾಳ ಕೈ ಬಾಯಿಯ ಹತ್ತಿರ ನಿಂತಿತು. ಅವಳು ತಗ್ಗಿದ ದನಿಯಲ್ಲಿ ಶಿವಯೋಗೀಶನಿಗೆ ಹೇಳಿದಳು. "ನನ್ನ ಗಂಟಿನ ತಳದಾಗ ಅದ ಲೈಬ್ರರೀದು ಇನ್ನೂ ಹಳೇದೊಂದ ಐತ್ರಿ. ಅದರಾಗ ತೂತ ಐತಿ, ಹೊರಗಿನವರು ನುಗ್ಗಬೌದು ಅಂತ ಮಾಡಿದವರ ಸಾರ್ಯಾರು. ತಗೀಬೇಕು, ತಗೀಬೇಕಂತ ವರ್ಷಾತು. ಒಯ್ದ ಕೊಟ್ಟ ಲ್ಯಾಬಿನ್ಯಾಗೆಲ್ಲಾ ಅದು ಹಂಗ ಕುಂತೈತಿ."

ಮಾಳಿಗೆಯ ಮೇಲಿನ ಶಿವಯೋಗೀಶ ಆಗಿದ್ದರೆ ಕುಣಿದು, "ನಾ ಹೇಳಿದ್ನಿಲ್ಲೋ!" ಎಂದು ಧಾರವಾಡದ ತನಕ ಕೇಳುವಂತೆ ಕೂಗುತ್ತಿದ್ದ. ಈಗ ಅವನು ಎಣಗಾಯಿಯ ಬದನೆಕಾಯನ್ನು ಅವಳ ತಾಟಿಗೆ ಸರಿಸಿದ.

"ನನ್ನ ಇನ್‌ಸ್ಟಾಲರಿಗೆ ತಡಕೂ ಚಟಾ ಐತಲ್ರಿ. ಆ ಚಟಾ ಒಂದನ್ನ ಬಿಡಿಸಿಕೊಂಡ ನಿಮ್ಮದಕ್ಕ ಹಚ್ಚತೇನಿ. ಯಾವ ಲ್ಯಾಬಿನ್ಯಾಗ ಯಾವುದು ಹಳಸೇತಿ ಅಂತ ಅದ ಬಂದ ಹೇಳತೈತಿ. ಮುಟ್ಟೂದಿಲ್ಲ, ಬರೇ ಹೇಳತೈತಿ. ಕಾಟಾಕ್ಕೇನ ನೆಟ್ ಇಲ್ಲ, ಹೊರಗಿನವ್ರು ನುಗ್ಗಾಕ ಬಾಗಲಾನ ಇಲ್ಲ. ಆ ಹಳೇದು ಇಲ್ಲಿ ನಡೀತೈತಿ."

ಅವಳು ಅವನನ್ನು ಒಂದು ಗಳಿಗೆ ನೋಡಿ, ಬದನೆಕಾಯಿ ತಿಂದಳು.

"ಬಾಯಾರ, ನೀರ ಎಲ್ಲಿ?" ಶಾಂತಯ್ಯನವರು ಗಂಟಿನ ಸುತ್ತ ಹುಡುಕಿದರು. ಖಾರದ ಹಿಂಡಿಗೆ ಅವರ ಕಿವಿ ಕೆಂಪಾಗಿದ್ದವು.

"ನೀರ್ಯಾಕ ಹೊತಗೊಂಡ ಬರಲ್ರಿ? ನಿಮ್ಮ ಅಂಗಡ್ಯಾಗ ನೀರ ಇರಂಗಿಲ್ಲೇನು? ಅಷ್ಟೂ ನಂಬಲಿಲ್ಲಂದ್ರ ಮಂದಿ ಮನಿಗೆ ಯಾಕರ ಹೋಗಬೇಕು?"

ಶಿವಯೋಗೀಶ ತಲೆ ಎತ್ತಿದ. ಮೈಸೂರಿಗೆ ಹೊತ್ತ ಗಂಟಿನಲ್ಲಿಯೂ ನೀರು ಇರಲಿಲ್ಲ. ಅಂದು ಮಗ್ಗುಲಿನ ಹುಡುಗನ ಬಾಟಲಿಯಿಂದ ಕುಡಿದಿದ್ದ. ಅವನಿಗೆ ತನ್ನ ರೊಟ್ಟಿ ಕೊಟ್ಟಿದ್ದ. ಆ ಹುಡುಗ ಅಯಾಜ ಇಂದಿಗೂ ಅವನ ಜೀವದ ಗೆಳೆಯ. ಇಷ್ಟು ವರ್ಷ ಗಂಟಿನ ಭಾರವಷ್ಟೇ ಅವನ ನೆನಪಿನಲ್ಲಿ ಉಳಿದಿತ್ತು.

"ನಂದೂ ಹಂಗರೀ ಅತ್ತಿ," ಎಂದಳು ಐಶ್ವರ್ಯಾ. "ಎಲ್ಲಾ ಒಯ್ದ್ರೂ ಕಂಪ್ಯೂಟರ ಒಯ್ಯಂಗಿಲ್ಲ."

ಅತ್ತಿ ಎಂದದ್ದನ್ನು ಮುರಿಗೆವ್ವ ಕೇಳಿಸಿಕೊಂಡಳು, ಕೇಳದವರಂತೆ ಇನ್ನೊಂದು ರೊಟ್ಟಿ ಹಾಕಿದಳು.

ಕೈ ತೊಳೆದು ಇಬ್ಬರೂ ಕಂಪ್ಯೂಟರಿನ ಮುಂದೆ ಕೂತರು. ಇಲಿಮರಿಯನ್ನು ತೆಗೆದು, ಗಂಟಿನ ತಳದಲ್ಲಿದ್ದ ಆ ಹಳೆಯದನ್ನು ಕಾಕಾನ ಪ್ರೋಗ್ರಾಮಿನ ಮಗ್ಗುಲಿಗೆ ಇಟ್ಟರು. ಕಾಟಾದ ಮೇಲೆ ಏನೂ ಇರಲಿಲ್ಲ. ಐಶ್ವರ್ಯಾ ಪ್ರೋಗ್ರಾಮು ಶುರು ಮಾಡಿದಳು. ಗಾಳಿ ನಿಂತಿತು. ಬೇವಿನ ಮರದ ಗಿಳಿಗಳು ಕತ್ತು ಚಾಚಿದವು.

"ಸೊನ್ನಿ."

ಹಲ್ಲಿಲ್ಲದ ಬಾಯಿಯ ಆ ಸಣ್ಣ ಸೀಟಿ ಅಂಗಡಿಯನ್ನು ದಾಟಿ, ಯಾರ್ಡನ್ನು ದಾಟಿ, ದಾರಿಯಲ್ಲಿ ಹೋಗುತ್ತಿದ್ದ ಚಿಗರಿ ಬಸ್ಸನ್ನು ನಿಲ್ಲಿಸಿತು. ಕಂಡಕ್ಟರನ ಸೀಟಿಯೆಂದು ಡ್ರೈವರು ತಿಳಿದ. ಆ ಬಸ್ಸಿಗೆ ಕಂಡಕ್ಟರನೇ ಇಲ್ಲ ಎಂಬುದು ಅವನಿಗೆ ಆಮೇಲೆ ನೆನಪಾಯಿತು. ಶಾಂತಯ್ಯ ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡರು, ಬಹಳ ಹೊತ್ತು ಒರೆಸಿಕೊಂಡರು.

ಮುರಿಗೆವ್ವ ಡಬ್ಬಿಗಳನ್ನು ತೊಳೆದು ಗಂಟು ಕಟ್ಟತೊಡಗಿದಳು. ಶಾಂತಯ್ಯನವರು ಮೊಸರನ್ನದ ದೊಡ್ಡ ಡಬ್ಬಿಯನ್ನು ಆಕೆಯ ಕೈಯಿಂದ ತೆಗೆದುಕೊಂಡರು.

"ತುಂಬಿ ಬಂದ ಡಬ್ಬಿ ಖಾಲಿ ಕಳಸೂ ಪದ್ಧತಿ ನಮ್ಮನ್ಯಾಗ ಇಲ್ರಿ. ಶಿದ್ದಪ್ಪಾ, ಮಗ್ಗಲ ಅಂಗಡ್ಯಾಗ ಸಕ್ರಿ ಹೇಳಿ ತಗೊಂಡ ಬಾ."

ಶಿದ್ದಪ್ಪ ಹೋದದ್ದು ಯಾರಿಗೂ ಕಾಣಲಿಲ್ಲ, ಬಂದದ್ದಷ್ಟೇ ಕಂಡಿತು. ಶಾಂತಯ್ಯ ಬೊಗಸೆ ಎತ್ತುವಷ್ಟರಲ್ಲಿ ಐಶ್ವರ್ಯಾ ಡಬ್ಬಿಯ ಬಾಯಿಗೆ ಅಂಗೈ ಮುಚ್ಚಿದಳು.

"ಅಪ್ಪಾ, ಇದರಾಗ ಏನ ತುಂಬಬೇಕಂತ ನನ್ನ ಕೇಳಿದಿ ಏನು?"

"ಈಗ ಕೇಳತೇನಿ ಬಿಡವಾ. ಹೇಳು."

ಅವಳು ಶಿವಯೋಗೀಶನ ಕಡೆ ತಿರುಗಿದಳು. "ನಿಮ್ಮ ಮುಂದಿನ ಇನ್‌ಸ್ಟಾಲರ್ ಎಷ್ಟ ದೊಡ್ಡದ ಇರತೈತ್ರಿ?"

ಜಗತ್ತಿನಲ್ಲಿ ಅತಿ ಸಣ್ಣ ಇನ್‌ಸ್ಟಾಲರು ಬರೆದವನು ತಾಯಿಯ ಗಂಟನ್ನು ನೋಡಿದ. "ಅಷ್ಟ," ಎಂದ. "ನೀರ ಬಿಟ್ಟು."

ಐಶ್ವರ್ಯಾ ಅಂಗೈ ತೆಗೆದಳು. ಮೊದಲ ಹಿಡಿ ಸಕ್ಕರೆ ಅವಳೇ ಹಾಕಿದಳು.

"ತುಂಬ್ರಿ ಬೀಗರ," ಎಂದಳು ಮುರಿಗೆವ್ವ. "ಅರ್ಧಾ ಡಬ್ಬಿ ನಾ ಹೊರಂಗಿಲ್ಲ."

ಶಿದ್ದಪ್ಪನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಹುಡುಗನ ಕೈಗೆ ಸಕ್ಕರೆಯ ಡಬ್ಬಿ ಹಿಡಿಸಿ, ಇಬ್ಬರನ್ನೂ ಕಾಟಾದ ಮೇಲೆ ನೂಕಿ ನಿಲ್ಲಿಸಿದ. "ತೂಕಾ ಆಗದ ಮಾಲು ನಮ್ಮ ಅಂಗಡಿ ಬಿಟ್ಟು ಹೋಗಂಗಿಲ್ಲ!"

ಅಂಕಿಗಳು ಓಡಿ ನಿಂತವು. ಸ್ಪೀಕರಿನಲ್ಲಿ ಆ ಸಣ್ಣ ಹುಡುಗಿ ಉಸಿರು ಎಳೆದುಕೊಂಡು, ಎಷ್ಟು ದೊಡ್ಡ ಅಂಕಿ ಬಂತಲ್ಲಾ ಎಂಬ ಬೆರಗಿನಲ್ಲಿ, "ನೂರಾ ಇಪ್ಪತ್ತಾರು!" ಎಂದು ಕೂಗಿ ಕಿಲಕಿಲ ನಕ್ಕಳು. ಕಾಟಾದ ಮೇಲೆ ನಿಂತಿದ್ದ ದೊಡ್ಡ ಹುಡುಗಿ ಮೊದಲು ತಡೆದುಕೊಂಡಳು, ಆಮೇಲೆ ತಡೆಯಲಾಗದೆ ಅದೇ ನಗೆಯನ್ನು ನಕ್ಕಳು.